ಏಳುನೂರು ಗ್ರಾಂ ಜೋಲಿ

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ನಲ್ಲಪ್ಪನ ಬಲಮೊಣಕಾಲು ಕೈಕೊಡಲು ಶುರುವಾಯಿತು. ಶಿಡ್ಲಘಟ್ಟದ ಪ್ರೌಢಶಾಲೆಯೊಂದರಲ್ಲಿ ಅವನು ಭೂಗೋಳದ ಮೇಷ್ಟ್ರು, ವಯಸ್ಸು ನಲವತ್ತೆರಡು. ಪಾಠ ಮಾಡುವವನ ಮೊಣಕಾಲು ನೋಯುವುದೇನೂ ದೊಡ್ಡ ಸಂಗತಿಯಲ್ಲ. ಆದರೆ ನಲ್ಲಪ್ಪ ಬೆಟ್ಟ ಹತ್ತುವವನು. ಪ್ರತಿವರ್ಷ ದಸರೆ ರಜೆಗೆ, ಸಂಕ್ರಾಂತಿಗೆ, ಅದೇ ಶಾಲೆಯ ಗಣಿತದ ಮೇಷ್ಟ್ರು ಚೆನ್ನಕೇಶವನ ಜೊತೆ ಬೆನ್ನಿಗೆ ಚೀಲ ಏರಿಸಿ ಹೊರಟರೆ ಮೂರು ನಾಲ್ಕು ದಿನ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ. ಎಂಬತ್ತೈದರಿಂದ ಹೀಗೇ ನಡೆದಿತ್ತು.

ಈ ಸಲದ ದಸರೆಗೆ ದೊಡ್ಡದೊಂದು ಯೋಜನೆ ಇತ್ತು. ಅಂಬಾಜಿದುರ್ಗದಿಂದ ಹೊರಟು, ಕೈವಾರ ಹಾದು, ನಂದಿಯ ಸಾಲು ದಾಟಿ, ಗೌರಿಬಿದನೂರಿನ ಕಡೆಯ ಬೆಟ್ಟಗಳವರೆಗೆ ಎಂಟು ದಿನದ ನಡಿಗೆ. ನಕ್ಷೆ ಬರೆದವನು ನಲ್ಲಪ್ಪನೇ.

"ನಿನ್ನ ಮಂಡಿಗೆ ಆಗ್ದೇ ಇರೋದು ಬೆಟ್ಟ ಅಲ್ಲ ಕಣೋ, ಆ ಜೋಲಿ," ಅಂದ ಚೆನ್ನಕೇಶವ ಒಂದು ದಿನ. "ಅದನ್ನ ಬಿಸಾಕು. ಬೆಂಗಳೂರಲ್ಲಿ ಪ್ಯಾರಾಚೂಟ್ ಬಟ್ಟೇದು ಸಿಗ್ತದಂತೆ. ಮಡಚಿದ್ರೆ ಜೇಬಲ್ಲಿ ಹಿಡಿಸ್ತದೆ."

ಜೋಲಿ ಎಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿ. ಮೊದಲ ನಡಿಗೆಗೆ ಮುಂಚೆ ಚೆನ್ನಕೇಶವನೇ ಹೂಡಿದ ಉಪಾಯ ಅದು. "ಊರೊಳಗೆ ಹೋಗಿ ಯಾರ ಹಂಗಲ್ಲೂ ಮಲಗೋದು ಬೇಡ. ಮರ ಇದ್ರೆ ಸಾಕು, ಹಾವು ಚೇಳಿನ ಭಯಾನೂ ಇಲ್ಲ," ಅಂದಿದ್ದ. ಲಾರಿಗೆ ಟಾರ್ಪಾಲು ಹೊಲಿಯುತ್ತಿದ್ದ ರಾಮಾಂಜಿನಪ್ಪನ ಹತ್ತಿರ ದಪ್ಪ ಕ್ಯಾನ್ವಾಸಿನಲ್ಲಿ ಎರಡು ಜೋಲಿ ಹೊಲಿಸಿದ್ದರು. ಸಂಜೆ ಒಂದು ಊರಿನ ಹೊರಗೆ ತಲುಪಿದರೆ ನಲ್ಲಪ್ಪ ಮರ ನೋಡಿ ಜೋಲಿ ಕಟ್ಟುವುದು, ಚೆನ್ನಕೇಶವ ಕ್ಯಾನು ಹಿಡಿದು ಊರೊಳಗೆ ನೀರಿಗೆ ಹೋಗುವುದು. ಮಾತಾಡಿಕೊಂಡು ಹಂಚಿಕೊಂಡ ಕೆಲಸವಲ್ಲ, ಹಾಗೇ ಆಗಿಬಂದಿತ್ತು.

ರೇಷ್ಮೆ ನೂಲು ಬಿಚ್ಚುವ ವೆಂಕಟರವಣಪ್ಪ ಪಕ್ಕದ ಮನೆಯವನು. ಅವನ ರೇಷ್ಮೆಗೂಡು ತೂಗುವ ತಕ್ಕಡಿಯಲ್ಲಿ ನಲ್ಲಪ್ಪ ತನ್ನ ಜೋಲಿ ಇಟ್ಟು ನೋಡಿದ. ಹಗ್ಗವೂ ಸೇರಿ ಮೂರು ಕಿಲೋ ನೂರು ಗ್ರಾಂ.

"ಇಷ್ಟು ಗೂಡು ತಂದಿದ್ರೆ ಒಂದು ಸೀರೆಗಾಗೋ ನೂಲಾದ್ರೂ ಬರ್ತಿತ್ತು. ಇದನ್ನ ಹೊತ್ಕೊಂಡು ಬೆಟ್ಟ ಹತ್ತೀರಲ್ಲ ಮೇಷ್ಟ್ರೇ!" ಎಂದು ವೆಂಕಟರವಣಪ್ಪ ನಕ್ಕ.

ಮುಂದಿನ ವಾರ ನಲ್ಲಪ್ಪ ಬೆಂಗಳೂರಿಗೆ ಹೋಗಿ ಹಸಿರು ಬಣ್ಣದ ನೈಲಾನ್ ಜೋಲಿ ತಂದ. ಅದೇ ತಕ್ಕಡಿಯಲ್ಲಿ ಅದು ಏಳುನೂರು ಗ್ರಾಂ ತೂಗಿತು. ಹದಿನೈದು ದಿನದೊಳಗೆ ವಾಪಸ್ಸು ಕೊಡಬಹುದು ಎಂದು ಅಂಗಡಿಯವನು ಹೇಳಿದ್ದರಿಂದ ಧೈರ್ಯ ಮಾಡಿದ್ದ, ಅಷ್ಟೆ. ಮನೆಗೆ ತಂದಮೇಲೂ ಅದು ಅವನ ಮನಸ್ಸಿಗೆ ಕೂರಲಿಲ್ಲ. ನವಿರಾದ ಬಟ್ಟೆ, ಬೆರಳು ಇಟ್ಟರೆ ಜಾರುತ್ತಿತ್ತು. ಕಾರೆಮುಳ್ಳು ತಗುಲಿದರೆ ಹರಿದೀತು. ಕೆಳಗಿನಿಂದ ಚಳಿ ಹೊಡೆದೀತು. ಕ್ಯಾನ್ವಾಸು ಒಂಬತ್ತು ವರ್ಷದಲ್ಲಿ ಒಂದು ಹೊಲಿಗೆಯನ್ನೂ ಬಿಟ್ಟಿರಲಿಲ್ಲ.

"ಏನು ಲೆಕ್ಕ ಹಾಕ್ತಾ ಇದೀಯ ಎರಡು ದಿನದಿಂದ?" ಎಂದಳು ಹೆಂಡತಿ ಗಂಗುಲಮ್ಮ. ಅವಳು ಸರ್ಕಾರಿ ದಾದಿ. ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದವಳೂ ಅವಳೇ. "ಎರಡೂವರೆ ಕಿಲೋ ಇಳೀತದೆ ಅಂದ್ರೆ ಇಳಿಸ್ಕೋ. ಹಳೇದರ ಮೇಲೆ ಅದೇನು ಮೋಹ?"

ಮೋಹ ಇತ್ತು. ಅದು ಬಟ್ಟೆಯ ಮೇಲಿನ ಮೋಹವಲ್ಲ ಎಂದು ಗಂಗುಲಮ್ಮನಿಗೂ ಗೊತ್ತಿತ್ತು.

ಎಂಬತ್ತೆಂಟರ ದಸರೆಯಲ್ಲಿ, ಅಂಬಾಜಿದುರ್ಗದ ಬುಡದಲ್ಲಿ, ಕತ್ತಲಾದ ಮೇಲೆ ಮಳೆ ಹಿಡಿದಿತ್ತು. "ನೀನು ಸಾಮಾನು ನೋಡ್ಕೊ, ಊರಲ್ಲಿ ಜಾಗ ಕೇಳ್ಕೊಂಡು ಬರ್ತೀನಿ," ಎಂದು ಹೋದ ಚೆನ್ನಕೇಶವ ಬಂದಿದ್ದು ಬೆಳಕು ಹರಿದ ಮೇಲೆ. ನೀರು ತುಂಬಿದ ಕ್ಯಾನ್ವಾಸಿನಲ್ಲಿ ನಲ್ಲಪ್ಪ ನಡುಗುತ್ತ ಕೂತಿದ್ದ. "ನಿನ್ನ ಜಾತಿ ಕೇಳಿದ್ರು ಕಣೋ," ಅಂದಿದ್ದ ಚೆನ್ನಕೇಶವ, ತಲೆ ತಗ್ಗಿಸಿ. "ನನಗೆ ಮಾತ್ರ ಜಾಗ ಕೊಡ್ತೀವಿ ಅಂದ್ರು. ಅವನಿಗಿಲ್ದೇ ಇದ್ರೆ ನನಗೂ ಬೇಡ ಅಂದೆ. ಹಳ್ಳ ತುಂಬಿ ಬಂದು ವಾಪಸ್ ಬರಕ್ಕೇ ಆಗ್ಲಿಲ್ಲ. ಗುಡಿ ಗೋಡೆಗೆ ಒರಗಿ ಬೆಳಗು ಮಾಡ್ದೆ."

ಆಮೇಲೆ ನಲ್ಲಪ್ಪನಿಗೆ ಐದು ದಿನ ಜ್ವರ ಬಂತು. ಆದರೆ ಆ ಜ್ವರದಲ್ಲೂ ಅವನೊಳಗೆ ಒಂದು ಬೆಚ್ಚನೆಯ ಭಾವ ಇತ್ತು. ನನಗಾಗಿ ಸೂರು ಬೇಡ ಅಂದ ಸ್ನೇಹಿತ ಒಬ್ಬನಿದ್ದಾನೆ. ಕೆಂಚಾರ್ಲಹಳ್ಳಿಯ ಕೇರಿಯಲ್ಲಿ ಹುಟ್ಟಿ, ಓದಿ, ಮೇಷ್ಟ್ರಾಗಿ, ಬುದ್ಧನ ಪಟ ಮನೆಯಲ್ಲಿಟ್ಟುಕೊಂಡವನಿಗೆ ಅದು ಸಣ್ಣ ಮಾತಲ್ಲ. ಆ ಊರಿನವರನ್ನು ಕಂಡರೆ ಮಾತ್ರ ಅಂದಿನಿಂದ ಮುಖ ತಿರುಗಿಸುತ್ತಿದ್ದ. ಹತ್ತುವ ದಾರಿ ಅವರ ಹೊಲದ ಪಕ್ಕದಲ್ಲೇ. ಯಾರಾದರೂ ಕೈ ಎತ್ತಿದರೂ ನೋಡದವನಂತೆ ಹೋಗಿಬಿಡುತ್ತಿದ್ದ.

ಹೊಸ ಜೋಲಿಯನ್ನು ಒಮ್ಮೆ ಕಟ್ಟಿ, ಮಲಗಿಯೇ ತೀರ್ಮಾನ ಮಾಡೋಣ ಎಂದುಕೊಂಡು ನಲ್ಲಪ್ಪ ಒಂದು ಭಾನುವಾರ ಅಂಬಾಜಿದುರ್ಗಕ್ಕೆ ಹೊರಟ. ಚೆನ್ನಕೇಶವನಿಗೆ ಆವತ್ತು ಯಾರದೋ ಮದುವೆ. ಬೆಟ್ಟದ ಬುಡದ ಆ ಊರಿನಿಂದ ಆಚೆ ಸಣ್ಣ ನೀರಿನ ಕುಂಟೆಯ ಪಕ್ಕದಲ್ಲಿ ಎರಡು ಹುಣಸೆಮರಗಳಿದ್ದವು. ಜೋಲಿಗೆ ಹೇಳಿ ಮಾಡಿಸಿದ ಅಂತರ. ಹಗ್ಗ ಬಿಗಿದು, ಎರಡು ಕಲ್ಲು ಹಾಕಿ ಎಳೆದು ನೋಡಿ, ಆಮೇಲೆ ತಾನೇ ಮಲಗಿದ. ಮೊದಲು ಒಂದು ಕಡೆ ವಾಲಿ ಬೀಳುವಂತಾಯಿತು. ಸ್ವಲ್ಪ ಓರೆಯಾಗಿ ಮಲಗಿದಾಗ ಬೆನ್ನು ನೇರವಾಯಿತು. ಗಾಳಿ ಬಂದರೆ ಬಟ್ಟೆ ಉಸಿರಾಡಿದಂತೆ ಉಬ್ಬುತ್ತಿತ್ತು. ಚೆನ್ನಾಗಿದೆ, ಇದನ್ನೇ ಇಟ್ಟುಕೊಳ್ಳೋಣ ಅನ್ನಿಸತೊಡಗಿತು.

"ಏಮಪ್ಪಾ, ಹಗಲೇ ಮಲಗಿಬಿಟ್ಟಿದೀರಾ ವ್ರತದ ಮೇಷ್ಟ್ರೇ?"

ಎದ್ದು ನೋಡಿದ. ಕಂಕುಳಲ್ಲಿ ಹುಲ್ಲಿನ ಹೊರೆ ಹಿಡಿದ ಮುದುಕಿ. ಹೊಲದಲ್ಲಿ ನೋಡಿದ ಮುಖವೇ. ಮುಖ ತಿರುಗಿಸಬೇಕು, ಆದರೆ ಜೋಲಿಯಿಂದ ಇಳಿಯುವುದರಲ್ಲೇ ಅವನ ಗಮನವೆಲ್ಲ ಹೋಯಿತು.

"ಯಾವ ವ್ರತ?" ಎಂದ, ಬಿಗಿಯಾಗಿ.

"ಅದೇ, ಇನ್ನೊಬ್ಬರ ಸೂರಿನ ಕೆಳಗೆ ಮಲಗಲ್ಲ, ಇನ್ನೊಬ್ಬರ ಮನೆ ಊಟ ಮುಟ್ಟಲ್ಲ ಅಂತ ಇದೆಯಲ್ಲ ನಿಮ್ಮದು. ಆ ಕನ್ನಡಕದ ಮೇಷ್ಟ್ರು ಹೇಳಿದ್ರಲ್ಲ. ಮೊದಲನೇ ವರ್ಷ ನೀರಿಗೆ ಬಂದಾಗ ನಮ್ಮ ಮನೆಯೋನು, ಯಾಕಪ್ಪ ಮರದ ಕೆಳಗೆ, ಬನ್ನಿ ಅಂತ ಜಗಲಿ ಮೇಲೆ ಎರಡು ಮಂಚ ಹಾಕಿದ್ದ. ಬೇಡ, ಜೊತೇಲಿರೋನಿಗೆ ವ್ರತ ಇದೆ, ಕರೆದ್ರೆ ನೊಂದ್ಕೋತಾನೆ ಅಂದ್ರು. ನಾವು ಸುಮ್ಮನಾದ್ವಿ."

ನಲ್ಲಪ್ಪ ಜೋಲಿಯಿಂದ ಪೂರ್ತಿ ಇಳಿದು ನಿಂತ. "ನಾನು ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನಪ್ಪ! ನನ್ನ ತವರು ಕೆಂಚಾರ್ಲಹಳ್ಳಿ. ನೀನು ಪೆದ್ದಮ್ಮನ ಮಗ ಅಲ್ವಾ? ನಿಮ್ಮಮ್ಮನ ಮೂಗು ಹಾಗೇ ಬಂದಿದೆ ನಿನಗೆ. ಅವಳೂ ನಾನೂ ಒಂದೇ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿದ್ವಿ. ನಾನು ಅಕ್ಕಯ್ಯಮ್ಮ, ಕೇಳಿ ನೋಡು." ಮುದುಕಿ ಹೊರೆಯನ್ನು ಕೆಳಗಿಟ್ಟು ಕೂತಳು. ಒಂದು ಕ್ಷಣ ಯೋಚಿಸಿ, ಸುಳ್ಳು ಹೇಳಲಾರದವಳಂತೆ ಮುಂದುವರಿಸಿದಳು. "ಒಳಮನೆಗೆ ಕರೀತಿದ್ವೋ ಇಲ್ವೋ ನಾನು ಹೇಳಲಾರೆ ಕಣಪ್ಪ. ನಮ್ಮತ್ತೆ ಬದುಕಿದ್ಲು ಆಗ. ಜಗಲಿಗಂತೂ ಗೊತ್ತಿದ್ದೇ ಕರೆದ್ವಿ."

"ಆ ಮಳೆ ಬಂದ ವರ್ಷ?"

"ಅಯ್ಯೋ, ಅದನ್ನ ಮರೆಯೋದುಂಟೆ! ನಮ್ಮ ಮನೆಯೋನು ಗೋಣಿ ಹೊದ್ದು, ಲಾಟೀನು ಹಿಡಿದು ನಿನ್ನನ್ನ ಕರೆಯಕ್ಕೆ ಹೊರಟ. ಹೊಸಿಲಲ್ಲೇ ಆ ಮೇಷ್ಟ್ರು ತಡೆದ್ರು. ಹೋಗಬೇಡಿ, ಸತ್ರೂ ಬರೋನಲ್ಲ ಅವನು ಅಂದ್ರು. ಅವರು ಮಾತ್ರ ಬೆಳಗಿನ ತನಕ ಜಗಲಿ ಮೇಲೆ ಗೊರಕೆ ಹೊಡೆದ್ರು. ನಮ್ಮ ಮನೆಯೋನಿಗೆ ನಿದ್ದೆ ಬರ್ಲಿಲ್ಲ. ಆ ಮಗಾ ನೆನೀತಾ ಇರ್ತದೆ ಅಂತ ಎದ್ದೆದ್ದು ಕೂರ್ತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆಮೇಲಾಮೇಲೆ ನಾವು ಕೈ ಎತ್ತಿದ್ರೂ ನೀನು ನೋಡ್ತಿರ್ಲಿಲ್ಲ. ನಾವು ಏನು ತಪ್ಪು ಮಾಡಿದ್ವೋ ಅಂತ ನಮ್ಮ ಮನೆಯೋನು ಕೇಳ್ತಾನೇ ಇದ್ದ. ಹೋದ ವರ್ಷ ಹೋಗಿಬಿಟ್ಟ."

ನಲ್ಲಪ್ಪ ಹುಣಸೆಯ ಬೇರಿನ ಮೇಲೆ ಕೂತುಬಿಟ್ಟ. ಐದು ವರ್ಷ ಒಬ್ಬ ಒಳ್ಳೆಯ ಮನುಷ್ಯನಿಗೆ ಮುಖ ತಿರುಗಿಸಿದ್ದ. ಅವನ ಹೆಸರೂ ಇವನಿಗೆ ಗೊತ್ತಿರಲಿಲ್ಲ.

"ಏನಮ್ಮ ಅವರ ಹೆಸರು?"

"ಕೊಂಡಪ್ಪ."

"ನನಗೆ ಯಾವ ವ್ರತಾನೂ ಇರ್ಲಿಲ್ಲಮ್ಮ," ಎಂದ ನಲ್ಲಪ್ಪ. ಮುದುಕಿ ಅವನನ್ನೇ ನೋಡಿದಳು. ಅರ್ಥವಾಗಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅವನ ಹೆಗಲ ಮೇಲೆ ಒಂದು ಸಲ ಕೈ ಇಟ್ಟು, ಹೊರೆ ಎತ್ತಿಕೊಂಡು ಹೋದಳು.

ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಚೆನ್ನಕೇಶವ ನಗುತ್ತಲೇ ಬಂದ. "ಹೆಂಗಿತ್ತೋ ಹೊಸ ಜೋಲಿ? ತಗೊಳ್ಳೋದು ಅಂತ ಆಯ್ತಾ?"

ಶಾಲೆಯ ಬಾದಾಮಿ ಮರದ ಕೆಳಗೆ ಬೇರೆ ಯಾರೂ ಇರಲಿಲ್ಲ.

"ಅಕ್ಕಯ್ಯಮ್ಮ ಸಿಕ್ಕಿದ್ಲು," ಎಂದ ನಲ್ಲಪ್ಪ.

"ಯಾವ ಅಕ್ಕಯ್ಯಮ್ಮ?"

"ಜಗಲಿ ಮೇಲೆ ನನಗೂ ಒಂದು ಮಂಚ ಹಾಕಿಸಿದ್ದೋಳು."

ಚೆನ್ನಕೇಶವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. ಕಡೆಗೆ, "ನಿನಗೋಸ್ಕರ ಮಾಡ್ದೆ ಕಣೋ," ಎಂದ. "ನಿನ್ನೆದುರಿಗೇ ಯಾರಾದ್ರೂ ಆಗಲ್ಲ ಅಂದಿದ್ರೆ ನಿನಗೆ ಹೆಂಗಾಗ್ತಿತ್ತು? ಆ ಅವಮಾನ ಆಗ್ಬಾರದು ಅಂತ..."

"ಯಾರೂ ಆಗಲ್ಲ ಅನ್ನಲಿಲ್ಲವಲ್ಲ. ಜಾತಿ ಕೇಳಿದ್ರು ಅಂತ ನೀನೇ ಹೇಳಿದ್ದು. ನನಗೂ ಬೇಡ ಅಂದೆ ಅಂತ ಹೇಳಿದ್ದೂ ನೀನೇ."

"ಆಗ ನಮ್ಮಪ್ಪ ಇದ್ರು ನಲ್ಲಪ್ಪ. ಒಂದೇ ಜಗಲಿ ಮೇಲೆ ನಿನ್ನ ಜೊತೆ ಮಲಗಿದ್ದೆ ಅಂತ ಅವರ ಕಿವಿಗೆ ಬಿದ್ದಿದ್ರೆ... ನಾನು ಪುಟ್ಟಸ್ವಾಮಯ್ಯನೋರ ಮಗ ಅಂತ ಸುತ್ತ ಊರಲ್ಲೆಲ್ಲ ಗೊತ್ತು. ಬಯಲಲ್ಲಿ ಮರದ ಕೆಳಗೆ ಮಲಗಿದ್ರೆ ಯಾರೂ ಕೇಳಲ್ಲ."

ಜೋಲಿ ಹುಟ್ಟಿದ್ದು ಯಾಕೆ ಎಂದು ನಲ್ಲಪ್ಪನಿಗೆ ಆಗ ತಿಳಿಯಿತು. ಹಾವಿಗೂ ಅಲ್ಲ, ಚೇಳಿಗೂ ಅಲ್ಲ.

"ನಿಮ್ಮಪ್ಪ ತೀರಿಕೊಂಡಿದ್ದು ಎಂಬತ್ತೊಂಬತ್ತರಲ್ಲಿ," ಎಂದ. "ಆಮೇಲೆ?"

ಚೆನ್ನಕೇಶವ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದ.

"ಆಮೇಲೆ ಅಭ್ಯಾಸ ಆಗೋಯ್ತು ಕಣೋ."

ಗಂಟೆ ಹೊಡೆಯಿತು. ನಲ್ಲಪ್ಪ ಒಂಬತ್ತನೇ ತರಗತಿಗೆ ಹೋಗಿ, ಮಾನ್ಸೂನ್ ಮಾರುತಗಳ ಪಾಠವನ್ನು ಒಂದು ಅಕ್ಷರ ತಪ್ಪದೆ ಮುಗಿಸಿದ. ಮನೆಗೆ ಬಂದು ಗಂಗುಲಮ್ಮನಿಗೆ ಹೇಳಿದ. "ಅವನು ಒಬ್ಬನೇ ನನ್ನ ಪರ ನಿಂತಿದ್ದ ಅಂದ್ಕೊಂಡಿದ್ದೆ ಕಣೇ. ಅಡ್ಡ ನಿಂತಿದ್ದೋನೂ ಅವನೊಬ್ಬನೇ."

ಹದಿಮೂರನೇ ದಿನ ಅವನು ಹೊಸ ಜೋಲಿಯನ್ನು ಅಂಗಡಿಗೆ ಒಯ್ದ.

"ಯಾಕೆ ಸಾರ್, ಹಗ್ಗ ಸರಿ ಇಲ್ವಾ?" ಎಂದು ಅಂಗಡಿಯವನು ಬಟ್ಟೆಯನ್ನು ಬೆಳಕಿಗೆ ಹಿಡಿದ.

"ಎಲ್ಲಾ ಸರಿಯಾಗಿದೆ. ಹಗುರವಾಗಿದೆ, ಗಟ್ಟಿಯಾಗಿದೆ. ನನಗೆ ಜೋಲಿಯೇ ಬೇಕಿಲ್ಲ."

ಹಳೆಯದನ್ನು ವೆಂಕಟರವಣಪ್ಪನ ತಮ್ಮನಿಗೆ ಕೊಟ್ಟ. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಲು ಅದು ಚೆನ್ನಾಗಿ ಬಂತು.

ದಸರೆಗೆ ನಲ್ಲಪ್ಪ ಒಬ್ಬನೇ ನಡಿಗೆ ಹೊರಟ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಮೊಣಕಾಲಿನ ಎಣ್ಣೆ. ಮೊದಲ ಸಂಜೆ ಅಕ್ಕಯ್ಯಮ್ಮನ ಜಗಲಿಯಲ್ಲಿ ಮಲಗಿದ. ಅವಳ ಸೊಸೆ ರಾಗಿಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಆಮೇಲಿನ ಆರು ರಾತ್ರಿ ಪ್ರತಿ ಊರಿನಲ್ಲೂ ತಾನೇ ಬಾಗಿಲ ಮುಂದೆ ನಿಂತು, "ಕೆಂಚಾರ್ಲಹಳ್ಳಿ ನಲ್ಲಪ್ಪ, ಮೇಷ್ಟ್ರು. ಈ ರಾತ್ರಿಗೆ ಜಾಗ ಸಿಗ್ತದಾ?" ಎಂದು ಕೇಳಿದ. ಕೆಲವರು ಯಾವ ಕೇರಿ ಎಂದು ಕೇಳಿದರು, ಹೇಳಿದ. ನಾಲ್ಕು ಕಡೆ ಚಾಪೆ ಹಾಕಿದರು. ಒಂದು ಕಡೆ, "ಸ್ಕೂಲ್ ಜಗಲಿ ಇದೆಯಲ್ಲ," ಅಂದರು. ನಂದಿಯ ಆಚೆ ಒಂದು ಮನೆಯವನು ಬಾಗಿಲು ಹಾಕಿಕೊಂಡ. ಆ ರಾತ್ರಿ ಊರ ಕಟ್ಟೆಯ ಮೇಲೆ ಮಲಗಿದ ನಲ್ಲಪ್ಪನಿಗೆ ನೋವಾಯಿತು, ನಿದ್ದೆ ಬರಲಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ಬಾಗಿಲು ಹಾಕಿದವನ ಮುಖ ಅವನಿಗೆ ಗೊತ್ತಿತ್ತು, ಇನ್ನೊಬ್ಬನ ಬಾಯಿಂದ ಕೇಳಿದ್ದಲ್ಲ.

ಎಂಟನೇ ದಿನ ಕೊನೆಯ ಬೆಟ್ಟವನ್ನು ಬೆಳಗಿನಲ್ಲೇ ಹತ್ತಿ ಇಳಿದು ಗೌರಿಬಿದನೂರಿನ ಬಸ್‌ಸ್ಟ್ಯಾಂಡಿಗೆ ಬಂದಾಗ ಚೆನ್ನಕೇಶವ ಅಲ್ಲಿ ಬೆಂಚಿನ ಮೇಲೆ ಕೂತಿದ್ದ. ನಡಿಗೆಯ ನಕ್ಷೆ ಅವನಿಗೂ ಬಾಯಿಪಾಠವಾಗಿತ್ತು. ಹೆಗಲಲ್ಲಿ ಚೀಲ, ಕಾಲಲ್ಲಿ ಬೆಟ್ಟದ ಬೂಟು.

"ಬೆಳಿಗ್ಗೆಯಿಂದ ಕಾಯ್ತಿದೀನಿ," ಎಂದು ಎದ್ದ. ಗಡ್ಡ ಬೆಳೆದಿತ್ತು. "ಕೊನೇ ಬೆಟ್ಟ ಆದ್ರೂ ಒಟ್ಟಿಗೆ ಹತ್ತೋಣ ಕಣೋ. ನೀನು ಎಲ್ಲಿ ಮಲಗು ಅಂದ್ರೆ ಅಲ್ಲೇ ಮಲಗ್ತೀನಿ."

ನಲ್ಲಪ್ಪ ಅವನನ್ನು ನೋಡಿದ. ಒಂಬತ್ತು ವರ್ಷ ಜೊತೆಯಲ್ಲಿ ನಡೆದ ಕಾಲುಗಳು. ಅಯ್ಯೋ ಅನ್ನಿಸಿತು, ಅಷ್ಟೇ ಅನ್ನಿಸಿತು.

"ನಾನು ಹತ್ತಿ ಇಳಿದಾಯ್ತು," ಎಂದ. "ದಾರಿ ಚೆನ್ನಾಗಿದೆ. ಎಡಗಡೆಯಿಂದ ಹತ್ತು, ಬಲಗಡೆ ಬಂಡೆ ಜಾರ್ತದೆ."

ಚಿಕ್ಕಬಳ್ಳಾಪುರದ ಬಸ್ಸು ಹೊರಡುವುದರಲ್ಲಿತ್ತು. ನಲ್ಲಪ್ಪ ಕಂಬಿ ಹಿಡಿದು, ನೋಯುವ ಕಾಲನ್ನು ಮೊದಲು ಇಟ್ಟು ಹತ್ತಿದ.