ನಾಲ್ಕು ಮಡಿಕೆ ಕ್ಯಾನ್ವಾಸ್

ಮೊಮ್ಮಗಳು ಕಟ್ಟಡಗಳ ನಕ್ಷೆ ಬರೆಯುವವಳು. ಹೋದ ವಾರ ಆಸ್ಪತ್ರೆಯೊಂದರ ನಕ್ಷೆ ತೋರಿಸುವಾಗ ಅವಳ ಹಳೆಯ ಲ್ಯಾಪ್‌ಟಾಪ್ ಎಲ್ಲರೆದುರು ನಿಂತೇ ಹೋಯಿತು. ಸೋಮವಾರ ಇನ್ನೊಂದೇ ಅವಕಾಶ ಅಂತ ಆಸ್ಪತ್ರೆಯವರು ಅಂದಿದ್ದರಂತೆ. ಹೊಸದು ಕೊಳ್ಳಲು ನನ್ನನ್ನೂ ಎಳೆದುಕೊಂಡು ಹೋದಳು.

ಅಂಗಡಿಯವನು ತೆಳ್ಳನೆಯದೊಂದನ್ನು ತೆರೆದು ಮೀನು ಈಜುವ ಚಿತ್ರ ಹಾಕಿದ. "ನೋಡಿ ಮೇಡಂ, ಎಷ್ಟು ನುಣುಪಾಗಿ ಓಡುತ್ತೆ!" ಅವಳ ಮನಸ್ಸು ಆಗಲೇ ಅದರ ಮೇಲೆ ಬಿದ್ದಿತ್ತು.

ನನಗೆ ನಲವತ್ತೆಂಟು ವರ್ಷದ ಹಿಂದಿನ ಹೊಲಿಗೆ ಮೆಷಿನ್ ಅಂಗಡಿ ನೆನಪಾಯಿತು. ಅಲ್ಲಿಯೂ ಹೀಗೇ, ತೆಳು ಬಟ್ಟೆಯ ಮೇಲೆ ಓಡಿಸಿ ತೋರಿಸಿದ್ದರು. ನಮ್ಮವರು ಚೀಲದಿಂದ ಕ್ಯಾನ್ವಾಸ್ ತುಂಡು ತೆಗೆದು, ನಾಲ್ಕು ಮಡಿಕೆ ಮಾಡಿ, "ಇದನ್ನ ಹೊಲೀರಿ. ನಮ್ಮವಳು ಹೊಲಿಯೋದು ಲಾರಿ ಟಾರ್ಪಾಲು," ಅಂದರು. ಎರಡು ಮೆಷಿನ್ನಿನ ಸೂಜಿಗಳು ಪಟ್ಟನೆ ಮುರಿದವು. ನಾನು ನಾಚಿಕೆಯಿಂದ ಬಾಗಿಲ ಕಡೆ ನೋಡುತ್ತಾ ನಿಂತಿದ್ದೆ. ಮೂರನೆಯದು ಹೊಲಿಯಿತು. ಅದನ್ನೇ ತಂದೆವು.

"ನಿನ್ನ ಆಸ್ಪತ್ರೆ ತಂದಿದ್ದೀಯೇನೇ?" ಎಂದೆ.

"ಪೆನ್‌ಡ್ರೈವ್‌ನಲ್ಲಿದೆ ಅಜ್ಜಿ."

"ಹಾಕಿ ನೋಡು ಮತ್ತೆ."

ಅಂಗಡಿಯವನು ಗೊಣಗುತ್ತಲೇ ಆ ನಕ್ಷೆ ತೆರೆಯಲು ಬೇಕಾದ್ದನ್ನೆಲ್ಲ ಹಾಕಿಕೊಟ್ಟ. ತೆಳ್ಳನೆಯದು ಪರದೆಯ ಮೇಲೆ ಆಸ್ಪತ್ರೆಯ ಎರಡನೇ ಮಹಡಿ ತಿರುಗಿಸಿ ತೋರಿಸುವಷ್ಟರಲ್ಲಿ ಏದುಸಿರು ಬಿಟ್ಟು ನಿಂತಿತು. ಮೂಲೆಯಲ್ಲಿದ್ದ ದಪ್ಪನೆಯದು ಐದು ಮಹಡಿಯನ್ನೂ ಸಲೀಸಾಗಿ ತಿರುಗಿಸಿತು.

"ಇದು ಡುಮ್ಮ, ಅಜ್ಜಿ, ನೋಡೋಕೂ ಚೆನ್ನಾಗಿಲ್ಲ."

"ನಿಮ್ಮಜ್ಜನೂ ಹಾಗೇ ಇದ್ರು ಕಣೇ."

ನಗುತ್ತಾ ಅದನ್ನೇ ಕಟ್ಟಿಸಿಕೊಂಡಳು. ಸೋಮವಾರ ಆಸ್ಪತ್ರೆಯ ಕೆಲಸ ಗಿಟ್ಟಿಸಿಕೊಂಡು ಬಂದವಳಿಗೆ ಮೆಷಿನ್ನಿನ ಡ್ರಾಯರಿನಿಂದ ಆ ಕ್ಯಾನ್ವಾಸ್ ತುಂಡು ತೆಗೆದು ತೋರಿಸಿದೆ. ಅಂದಿನ ಹೊಲಿಗೆ ಇನ್ನೂ ಒಂದೂ ಬಿಟ್ಟಿಲ್ಲ.