ಮನೆಗೆ ಹೋಗುವ ಮಾತು

ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ಡಾಕ್ಟರ್ ಕೃಷ್ಣಸ್ವಾಮಿಯವರ ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವವಳು, ಹೀಟರ್ ಹಾಕುವವಳು, ಫೋನು ಎತ್ತುವವಳು, ಫೈಲು ಜೋಡಿಸುವವಳು ಎಲ್ಲ ಒಬ್ಬಳೇ, ಅವರ ಹೆಂಡತಿ ಅಲಮೇಲು. ಇಪ್ಪತ್ತೈದು ವರ್ಷದಿಂದ ಹೀಗೇ ನಡೆದುಬಂದಿತ್ತು. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಇಬ್ಬರೂ ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದರು. ಅವರು ಪೇಪರು ಓದುತ್ತ ತಿನ್ನುತ್ತಿದ್ದರು; ಆಕೆ ಊದಿದ ಕಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು.

ಆ ವರ್ಷಗಳಲ್ಲಿ ಕ್ಲಿನಿಕ್ಕಿಗೆ ಬಿಡುವೇ ಇರಲಿಲ್ಲ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂಬ ಭಯಕ್ಕೆ ಕಂಪನಿಗಳು ಸಿಕ್ಕಸಿಕ್ಕವರನ್ನೆಲ್ಲ ಕರೆಸಿಕೊಳ್ಳುತ್ತಿದ್ದವು. ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ತಿಂಗಳಿಗೆ ನಾಲ್ಕೈದು ಹೊಸ ಕನ್ನಡ ಸಂಸಾರಗಳು ಬಂದಿಳಿಯುತ್ತಿದ್ದವು. ಮಗುವಿಗೆ ಜ್ವರ ಬಂದರೆ, ಅಜ್ಜಿಗೆ ಬಿ.ಪಿ. ಏರಿದರೆ, ಕನ್ನಡದಲ್ಲಿ ಹೇಳಿಕೊಳ್ಳಬಹುದೆಂದು ಎಲ್ಲರೂ ಬರುವುದು ಇಲ್ಲಿಗೇ. ಡಾಕ್ಟರೂ ಬರೀ ಔಷಧ ಕೊಟ್ಟು ಕಳಿಸುತ್ತಿರಲಿಲ್ಲ. ಮಕ್ಕಳು ಏನು ನೋಡುತ್ತಾರೆ, ಯಾರ ಜೊತೆ ತಿರುಗುತ್ತಾರೆ, ಎಲ್ಲ ವಿಚಾರಿಸುತ್ತಿದ್ದರು. ಊರಿಗೆ ಊರೇ ಆ ಕೆಲಸದಲ್ಲಿತ್ತು. ಮಾಲಿನಲ್ಲಿ ಯಾರದೋ ಮಗಳು ಯಾವನದೋ ಕೈ ಹಿಡಿದದ್ದು ಕಂಡರೆ, ಅವಳು ಮನೆ ಮುಟ್ಟುವ ಮೊದಲೇ ಆಂಟಿಯರಿಂದ ಅವಳ ಅಮ್ಮನಿಗೆ ಫೋನು ಹೋಗುತ್ತಿತ್ತು. 'ಮನೆಗೆ ತಿಳಿಸೋದು' ಎಂದು ಅದಕ್ಕೆ ಹೆಸರು. ಚಾಡಿ ಎಂದು ಯಾರೂ ಅನ್ನುತ್ತಿರಲಿಲ್ಲ, ಕರ್ತವ್ಯ ಎನ್ನುತ್ತಿದ್ದರು.

ಡಾಕ್ಟರಿಗೆ ಈ ಕರ್ತವ್ಯದ ದೀಕ್ಷೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಅರವತ್ತರ ದಶಕದಲ್ಲಿ ಅವರು ಅಲ್ಲಿನ ಒಂದು ಕಾರ್ಖಾನೆ ಊರಿನ ಆಸ್ಪತ್ರೆಯಲ್ಲಿದ್ದರು. ಮದುವೆಯಾಗದ ಹುಡುಗಿಯರಿಗೂ ಬಸಿರು ತಡೆಯುವ ಗುಳಿಗೆ ಕೊಡಬಹುದು ಎಂದು ಸರ್ಕಾರ ಹೇಳಿದಾಗ, ಟಿವಿಯಲ್ಲಿ ಎಗ್ಗಿಲ್ಲದ ನಾಟಕಗಳು ಬಂದಾಗ, ಅಲ್ಲಿನ ಹಿರಿಯ ಹೆಂಗಸರು ಚರ್ಚಿನ ಹಾಲಿನಲ್ಲಿ ಸಭೆ ಸೇರುತ್ತಿದ್ದರು. ದೇಶ ಹಾಳಾಯಿತು ಎಂದು ಮನವಿಪತ್ರಗಳು. ಆಸ್ಪತ್ರೆಯಲ್ಲಿ ಹೆಸರನ್ನೂ ಸರಿಯಾಗಿ ಕರೆಯದ ಆ ಊರು, ಆ ಸಭೆಯಲ್ಲಿ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿತು. ನಿಮ್ಮ ದೇಶದಲ್ಲಾದರೂ ಕುಟುಂಬ ಅನ್ನುವುದು ಉಳಿದಿದೆ ಡಾಕ್ಟರೇ, ಎಂದು ಮೆಚ್ಚಿಕೊಂಡಿತು. ಆ ದಿನ ಅವರ ಮುಖದಲ್ಲಿ ಕಂಡ ಸಂತೋಷವನ್ನು ಅಲಮೇಲು ಆಮೇಲೆ ಎಂದೂ ನೋಡಲಿಲ್ಲ. ಆ ಸಭೆಯ ಮನವಿಗಳನ್ನೆಲ್ಲ ಟೈಪು ಮಾಡಿದವಳು ಅವಳೇ. ಎರಡು ವರ್ಷದ ಮೇಲೆ ಇವರು ಆ ಹೆಂಗಸರ ಬೀದಿಯಲ್ಲೇ ಮನೆ ಕೊಳ್ಳಲು ಹೊರಟಾಗ, ಭಾರತೀಯರು ಬೇಡ ಎಂದು ಇನ್ನೊಂದು ಮನವಿ ಹೊರಟಿತು. ಅದರಲ್ಲೂ ಅದೇ ಹೆಂಗಸರ ಸಹಿಗಳಿದ್ದವು. ಆ ಮಾತನ್ನು ಡಾಕ್ಟರು ಒಮ್ಮೆಯೂ ಆಡಿದವರಲ್ಲ.

ತೊಂಬತ್ತೆಂಟರ ಅಕ್ಟೋಬರಿನಲ್ಲಿ ಸುಪ್ರಿಯಾ ಕ್ಲಿನಿಕ್ಕಿಗೆ ಬಂದಳು. ಪಕ್ಕದ ಊರು ಹಿಲ್ಸ್‌ಬರೋದ ಗದಿಗೆಪ್ಪನವರ ದೊಡ್ಡ ಮಗಳು. ಇಪ್ಪತ್ತು ವರ್ಷ, ಕಾಲೇಜಿನ ಮೂರನೇ ವರ್ಷ. ಗದಿಗೆಪ್ಪ ಗದಗದ ಕಡೆಯವರು, ಬ್ಯಾಂಕೊಂದರ ಹಳೇ ಕಂಪ್ಯೂಟರುಗಳನ್ನು ಸರಿಮಾಡುವ ಕೆಲಸ. ಹುಡುಗಿ ಒಳಗೆ ಹತ್ತು ನಿಮಿಷ ಇದ್ದು, ಕಿವಿಯವರೆಗೂ ಕೆಂಪಾಗಿ, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಡಾಕ್ಟರು ಕೋಣೆಯಿಂದಲೇ ಹೇಳಿದರು:

"ಅಲಮೇಲು, ಗದಿಗೆಪ್ಪನ ಮನೆಗೆ ಫೋನ್ ಹಾಕಿ ಕೊಡು."

"ಏನಂತೆ ಹುಡುಗಿಗೆ?"

"ಗುಳಿಗೆ ಬೇಕಂತೆ. ಮದುವೆ ಇಲ್ಲ, ಮುಂಜಿ ಇಲ್ಲ."

"ಅವಳು ದೊಡ್ಡವಳಲ್ವಾ? ಇಲ್ಲಿನ ಕಾನೂನು..."

"ಇಲ್ಲಿನ ಕಾನೂನು ಇಲ್ಲಿನವರಿಗೆ. ನನ್ನ ಮಗಳಾಗಿದ್ದರೆ ನನಗೆ ತಿಳಿಸಬೇಕು ಅಂತ ನಾನು ಬಯಸ್ತಿರಲಿಲ್ವಾ? ಹಾಕು."

ಅವರಿಗೆ ಮಕ್ಕಳಿರಲಿಲ್ಲ. ಅಲಮೇಲು ನಂಬರು ಒತ್ತಿದಳು. ಗದಿಗೆಪ್ಪನವರ ಹೆಂಡತಿ ಶಿವಲಿಂಗಮ್ಮ ಎತ್ತಿದರು. ಡಾಕ್ಟರು ಮಾತಾಡ್ತಾರೆ, ಯಜಮಾನರಿಗೆ ಕೊಡಿ, ಎಂದು ಹೇಳಿ ಆಕೆ ಲೈನು ಒಳಗೆ ಕೊಟ್ಟಳು.

ಡಿಸೆಂಬರ್ ರಜೆಯಲ್ಲಿ ಆ ಸಂಸಾರ ಊರಿಗೆ ಹೋಯಿತು. ಹಿಂತಿರುಗಿದವರು ಮೂವರೇ, ಗಂಡ, ಹೆಂಡತಿ, ಚಿಕ್ಕ ಮಗಳು. ಸುಪ್ರಿಯಾಳನ್ನು ಹದಿನೆಂಟು ದಿನದೊಳಗೆ ಬಾಗಲಕೋಟೆಯ ಅಮರೇಶ್ವರ ಎಂಬ ಸಿಮೆಂಟ್ ವ್ಯಾಪಾರಿಗೆ ಧಾರೆ ಎರೆದಿದ್ದರು. ಓದು ಅಲ್ಲಿಗೇ ನಿಂತಿತು. ಶಿವಲಿಂಗಮ್ಮ ಒಂದು ಡಬ್ಬಿ ಶೇಂಗಾ ಉಂಡೆ ಹಿಡಿದು ಕ್ಲಿನಿಕ್ಕಿಗೆ ಬಂದು, ಡಾಕ್ಟರ್ ಇರದಿದ್ದರೆ ನಮ್ಮ ಮರ್ಯಾದೆ ಏನಾಗುತ್ತಿತ್ತೋ ಎಂದು ಕೈಮುಗಿದರು. ಅವರ ಕಣ್ಣುಗಳು ಬಾತುಕೊಂಡಿದ್ದವು. ಉಂಡೆ ಬಹಳ ದಿನ ಫ್ರಿಜ್ಜಿನಲ್ಲಿತ್ತು. ಅಲಮೇಲುವಿಗೆ ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಅಂದಿನಿಂದ ಹುಡುಗಿಯರು ಕ್ಲಿನಿಕ್ಕಿಗೆ ಬರುವುದು ಕಡಿಮೆಯಾಯಿತು. ಡಾಕ್ಟರಿಗೆ ಅದು ಗೆಲುವಾಗಿ ಕಂಡಿತು. ನಮ್ಮ ಮಕ್ಕಳು ದಾರಿಗೆ ಬಂದರು, ಎಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. ಅಲಮೇಲು ಹೂಂಗುಟ್ಟುತ್ತಿದ್ದಳು. ಮೂವತ್ತೈದು ವರ್ಷ ಹೂಂಗುಟ್ಟಿದವಳಿಗೆ ಅದೊಂದು ಕಷ್ಟವಾಗಿರಲಿಲ್ಲ.

ಎರಡು ಸಾವಿರದ ಇಸವಿಯ ಮಾರ್ಚಿನಲ್ಲಿ ಗದಿಗೆಪ್ಪನವರ ಎರಡನೆಯ ಮಗಳು ರಕ್ಷಾ ಸತ್ತುಹೋದಳು. ಹತ್ತೊಂಬತ್ತು ವರ್ಷ. ಕಾಲೇಜಿನ ಹಾಸ್ಟೆಲಿನಲ್ಲಿ ಮೂರು ದಿನ ಹೊಟ್ಟೆನೋವು ಎಂದು ಮಲಗಿದ್ದವಳು ನಾಲ್ಕನೆಯ ಬೆಳಿಗ್ಗೆ ಬಾತ್‌ರೂಮಿನಲ್ಲಿ ಕುಸಿದಳಂತೆ. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಊರಿನವರಿಗೆಲ್ಲ ಅಪೆಂಡಿಕ್ಸ್ ಎಂದು ಹೇಳಲಾಯಿತು. ಸುಪ್ರಿಯಾಗೆ ಎಂಟನೇ ತಿಂಗಳು. ತಂಗಿಯ ಮುಖ ನೋಡಲು ವಿಮಾನ ಹತ್ತುವಂತಿರಲಿಲ್ಲ.

ಅಂತ್ಯಕ್ರಿಯೆಯ ದಿನ ಜನ ಸೇರಿದ್ದ ಹಾಲಿನಲ್ಲಿ, ಹಿಂದಿನ ಸಾಲಿನಲ್ಲಿ ರಕ್ಷಾಳ ರೂಮ್‌ಮೇಟ್, ಒಬ್ಬ ಅಮೆರಿಕನ್ ಹುಡುಗಿ, ಒಂಟಿಯಾಗಿ ಕೂತಿದ್ದಳು. ಅಲಮೇಲು ಪಕ್ಕದಲ್ಲಿ ಕೂತು ನೀರು ಕೊಟ್ಟಳು. ಹುಡುಗಿ ತಡೆಯಲಾರದೆ ಹೇಳಿಬಿಟ್ಟಳು. ರಕ್ಷಾ ಬಸುರಿಯಾಗಿದ್ದಳು. ಬಸಿರು ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲೇ ಕಚ್ಚಿಕೊಂಡು, ನಾಳ ಒಡೆದಿತ್ತು. ಮೊದಲ ದಿನವೇ ಡಾಕ್ಟರ ಹತ್ತಿರ ಹೋಗೋಣ ಎಂದು ತಾನು ಬೇಡಿಕೊಂಡರೂ ಅವಳು ಒಪ್ಪಲಿಲ್ಲ. ಯಾವ ಡಾಕ್ಟರೂ ಬೇಡ, ಡಾಕ್ಟರುಗಳು ಮನೆಗೆ ಹೇಳುತ್ತಾರೆ, ನನ್ನ ಅಕ್ಕನನ್ನು ಕಳಿಸಿಬಿಟ್ಟ ಹಾಗೆ ನನ್ನನ್ನೂ ಕಳಿಸಿಬಿಡುತ್ತಾರೆ ಎಂದಳಂತೆ. ಕೊನೆಗೆ ಆಂಬುಲೆನ್ಸಿನಲ್ಲೂ ಅದೇ ಕೇಳುತ್ತಿದ್ದಳಂತೆ, "ಡಿಡ್ ಯು ಟೆಲ್ ಮೈ ಡ್ಯಾಡ್?"

ಅಲಮೇಲು ಆ ಹುಡುಗಿಯ ಕೈ ಹಿಡಿದು ಕೂತಿದ್ದಳು. ಆ ರಾತ್ರಿಯೇ ಎಲ್ಲವನ್ನೂ ಗಂಡನಿಗೆ ಹೇಳಿದಳು.

ವಿಷಯ ಎಷ್ಟು ದಿನ ಮುಚ್ಚಿರುತ್ತದೆ? ಎರಡು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಕನ್ನಡ ಸಂಘದವರು ಶಾಲೆಯೊಂದರ ಕೆಫೆಟೇರಿಯಾದಲ್ಲಿ ಸಭೆ ಕರೆದರು. ಡಾಕ್ಟರು ಅರ್ಧಗಂಟೆ ಮಾತಾಡಿದರು. ಈ ದೇಶದ ಅಂಕೆಯಿಲ್ಲದ ಬದುಕು ಒಂದು ಮಗುವನ್ನು ಬಲಿ ತೆಗೆದುಕೊಂಡಿತು, ಇಂಗ್ಲೆಂಡಿನಲ್ಲಿ ಮೂವತ್ತು ವರ್ಷದ ಹಿಂದೆಯೇ ನಾನು ಇದನ್ನು ಕಂಡಿದ್ದೆ, ಎಂದರು. ಇನ್ನು ಮುಂದೆ ಪ್ರತಿ ಹಿರಿಯರೂ ಕಂಡದ್ದನ್ನು ಆಯಾ ಮನೆಗೆ ತಿಳಿಸಲೇಬೇಕು, ಎಲ್ಲ ಮನೆಯ ನಂಬರುಗಳ ಪಟ್ಟಿ ಮಾಡೋಣ, ಎಂದು ಸೂಚಿಸಿದರು. ಕೈಗಳು ಎದ್ದವು. ಅಲಮೇಲು ಎತ್ತಲಿಲ್ಲ. ಗಮನಿಸಿದವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕೈಬರಹದ ಮೂರು ಹಾಳೆಗಳನ್ನು ಆಕೆಯ ಮೇಜಿನ ಮೇಲಿಟ್ಟರು, ಪೋಷಕರಿಗೆ ಕಳಿಸುವ ಪತ್ರ. ಅಲಮೇಲು ಪೂರ್ತಿ ಓದಿ ಹಿಂದಕ್ಕೆ ಸರಿಸಿದಳು.

"ನಾನು ಇದನ್ನು ಟೈಪ್ ಮಾಡಲ್ಲ."

"ಕಣ್ಣು ನೋಯ್ತಿದೆಯಾ?"

"ಕಣ್ಣು ಚೆನ್ನಾಗಿದೆ. ರಕ್ಷಾ ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲ ಅಂತ ನಿಮಗೆ ಗೊತ್ತು. ನಾನೇ ಹೇಳಿದೆ ನಿಮಗೆ."

"ಅವಳು ತಪ್ಪು ಮಾಡದೇ ಇದ್ದಿದ್ದರೆ ಹೋಗೋ ಪ್ರಸಂಗವೇ ಬರ್ತಿರಲಿಲ್ಲ."

"ನೀವು ಮನೆಗೆ ಹೇಳಿದರೆ ಹುಡುಗೀರು ಮಾಡೋದು ನಿಲ್ಲಲ್ಲ. ನಮ್ಮ ಹತ್ತಿರ ಬರೋದು ನಿಲ್ಲುತ್ತೆ, ಅಷ್ಟೇ. ಹೊಟ್ಟೆ ಒಡೆದರೂ ಬರಲ್ಲ."

"ಹಾಗಾದರೆ ಬಾಯಿ ಮುಚ್ಚಿಕೊಂಡು ಗುಳಿಗೆ ಹಂಚಲಾ? ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಅಂತಲಾ?"

ಆ ಕೊನೆಯ ಮಾತಿನಲ್ಲಿ ಅವರ ದನಿ ಸಣ್ಣದಾಯಿತು. ಆಕೆಗೆ ಕನಿಕರವೆನಿಸಿತು. ಆದರೂ ಹಾಳೆಗಳನ್ನು ಮುಟ್ಟಲಿಲ್ಲ. ಕೋಟು ಹಾಕಿಕೊಂಡು, ತಾನೇ ಡ್ರೈವ್ ಮಾಡಿಕೊಂಡು ಹಿಲ್ಸ್‌ಬರೋಗೆ ಹೋದಳು.

ಗದಿಗೆಪ್ಪ ಒಳಗೆ ಟಿವಿ ಮುಂದೆ ಕೂತಿದ್ದರು, ಟಿವಿ ಹಾಕಿರಲಿಲ್ಲ. ಶಿವಲಿಂಗಮ್ಮ ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೊಟ್ಟರು. ಆವತ್ತು ನಿಮ್ಮ ಮನೆಗೆ ನಂಬರು ಒತ್ತಿದವಳು ನಾನು, ಒತ್ತಬಾರದಿತ್ತು, ಎಂದು ಅಲಮೇಲು ಹೇಳಿದಳು. ಶಿವಲಿಂಗಮ್ಮ ಸೆರಗಿನಿಂದ ಮೇಜು ಒರೆಸತೊಡಗಿದರು.

"ಫೋನ್ ಎತ್ತಿದಾಕಿ ನಾನರೀ. ಅವರಪ್ಪಗ ಯಾಕ ಕೊಟ್ಟೆ ನಾನು? ಮನ್ಯಾಗ ಇಲ್ಲ ಅಂದಿದ್ರ ಸಾಕಿತ್ತು. ನನ್ನ ಮುಂದ ಹೇಳ್ರಿ ಅಂದಿದ್ರ ಸಾಕಿತ್ತು." ಅವರು ಒರೆಸುತ್ತಲೇ ಇದ್ದರು. "ಸಣ್ಣಾಕಿ ಪ್ರತಿ ಆಯ್ತವಾರ ಫೋನ್ ಮಾಡ್ತಿದ್ಲು. ಆ ಆಯ್ತವಾರನೂ ಮಾಡಿದ್ಲು. ಊಟ ಆತೇನವ್ವಾ ಅಂದೆ, ಆತು ಅಂದ್ಲು. ನೋವಿನಾಗ ಮಾತಾಡ್ಯಾಳ. ನನಗ ಹೇಳ್ಬೇಕು ಅನಿಸಲಿಲ್ಲ ಆಕಿಗೆ."

ಅಲಮೇಲು ಅಳಲಿಲ್ಲ. ಅತ್ತರೆ ಅವರೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆಂದು ತಡೆದುಕೊಂಡಳು. ಏಳುವಾಗ ಶಿವಲಿಂಗಮ್ಮ ಆಕೆಯ ತೋಳು ಹಿಡಿದು, ಉಳಿದ ಹುಡುಗಿಯರಿಗೆ ಯಾರಾದರೂ ಹೇಳಬೇಕು, ತನಗೆ ಹೊರಗೆ ಬರುವ ಶಕ್ತಿ ಇಲ್ಲ, ಎಂದರು.

ಆ ಗುರುವಾರ ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ಬೆನ್ನಿಗೆ ಚೀಲ ಹಾಕಿದ್ದ ಹುಡುಗಿಯೊಬ್ಬಳು ಒಳಗೆ ಬಂದು, ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿ, ಮೇಜಿನ ಹತ್ತಿರ ತಗ್ಗಿದ ದನಿಯಲ್ಲಿ ಡಾಕ್ಟರನ್ನು ನೋಡಬೇಕು ಎಂದಳು. ಯಾಕೆ ಎಂದು ಹೇಳಲಿಲ್ಲ. ಮುಖ ಹೇಳುತ್ತಿತ್ತು. ಡಾಕ್ಟರು ಮುಂದಿನ ಫೈಲಿಗಾಗಿ ಬಾಗಿಲಲ್ಲೇ ನಿಂತಿದ್ದರು.

ಅಲಮೇಲು ಅವರಿಗೂ ಕೇಳುವಂತೆ, ಕಾಯುತ್ತಿದ್ದ ಅಷ್ಟು ಜನಕ್ಕೂ ಕೇಳುವಂತೆ ಹೇಳಿದಳು: "ಪುಟ್ಟಿ, ಮದುವೆಯಾಗದ ಹುಡುಗೀರು ಇಲ್ಲಿ ಹೇಳಿದ ಮಾತು ಮನೆಗೆ ಹೋಗುತ್ತೆ. ಇಷ್ಟು ದಿನ ನಾನೇ ಕಳಿಸಿದ್ದೀನಿ. ನೀನು ಪ್ರಿನ್ಸ್‌ಟನ್ನಿಗೆ ಹೋಗು. ಅಲ್ಲೊಬ್ಬ ಲೇಡಿ ಡಾಕ್ಟರ್ ಇದ್ದಾರೆ, ವಿಚಾರಿಸಿಕೊಂಡಿದ್ದೀನಿ, ಯಾರಿಗೂ ಹೇಳಲ್ಲ. ಇವತ್ತೇ ಹೋಗು."

ಅಲಮೇಲು ನಂಬರು ಬರೆದುಕೊಟ್ಟ ಚೀಟಿ ಹಿಡಿದು ಹುಡುಗಿ ನಿಂತೇ ಇದ್ದಳು. "ವಿಲ್ ಯು ಟೆಲ್ ಮೈ ಮಾಮ್, ಆಂಟಿ?"

"ಇಲ್ಲ."

ಅವಳು ಹೋದಳು. ಹಿರಿಯರೊಬ್ಬರು ಎದ್ದು, ಇದೇನು ತಾಯಿ ಹೀಗೆ, ಎಂದು ಹೊರಗೆ ನಡೆದರು. ಮೂಲೆಯಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸು ತಲೆ ತಗ್ಗಿಸಿ, ತನಗೂ ಆ ಡಾಕ್ಟರ ನಂಬರು ಬೇಕು, ತಂಗಿಗೆ, ಎಂದಳು.

ಕೃಷ್ಣಸ್ವಾಮಿಯವರು ಮೇಜಿನ ಹತ್ತಿರ ಬಂದರು.

"ಈ ಕುರ್ಚಿಗೆ ನಾನು ಬೇರೆ ಯಾರನ್ನಾದರೂ ಹುಡುಕಬೇಕಾಗತ್ತೆ, ಅಲಮೇಲು."

"ಹುಡುಕಿ. ಅವರು ಬರೋ ತನಕ ನಾನಿರ್ತೀನಿ," ಎಂದಳು ಆಕೆ. "ಹುಡುಗೀರು ಬಂದಾಗ ಏನು ಹೇಳಬೇಕು ಅಂತ ಅವರಿಗೂ ಹೇಳಿಕೊಟ್ಟೇ ಹೋಗ್ತೀನಿ."

ಅವರು ಮುಂದಿನ ಫೈಲು ತೆಗೆದುಕೊಂಡು ಒಳಗೆ ಹೋದರು. ಅಲಮೇಲುವಿನ ಕಾಲು ಬಹಳ ನೋಯುತ್ತಿತ್ತು. ಆಕೆ ಕೂತು, ಮಗುವಿನ ತಾಯಿಗೆ ನಂಬರು ಬರೆದುಕೊಟ್ಟು, ಮುಂದಿನ ಹೆಸರು ಕೂಗಿದಳು.