ಚಿನ್ನದ ಬಿಲ್ಲೆಗೆ ಅಂಟಿದ್ದೇನು?

ನಾನು ಒಂದು ಚಿನ್ನದ ಬಿಲ್ಲೆ. ಹೆಬ್ಬೆರಳ ಉಗುರಿನಷ್ಟೇ ನನ್ನ ಅಗಲ. ಧಾರವಾಡದ ಅಕ್ಕಸಾಲಿ ಮೌನೇಶ ಪತ್ತಾರರ ಕುಲುಮೆಯಲ್ಲಿ ಹುಟ್ಟಿದೆ. ಕೊಂಡಿ ಬೇಡ, ಕೆತ್ತನೆ ಬೇಡ, ಕನ್ನಡಿಯಂತೆ ಹೊಳೆದರೆ ಸಾಕು ಎಂದು ಮಂದಾಕಿನಿ ಹಂಚಿನಾಳ ಹೇಳಿದಾಗ, ಇಂಥ ಒಡವೆಯನ್ನು ಯಾರು ತೊಡುತ್ತಾರೆಂದು ಅವರು ಕೇಳಿದರು. ತೊಡುವುದಕ್ಕಲ್ಲ, ಆಮ್ಲದಲ್ಲಿ ಮುಳುಗಿಸುವುದಕ್ಕೆ ಎಂದು ಅವಳು ನಕ್ಕಳು.

ಅವಳು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧಕಿ. ಆಮ್ಲ ತುಂಬಿದ ಗಾಜಿನ ಪಾತ್ರೆಯಲ್ಲಿ ನನ್ನನ್ನು ನಿಲ್ಲಿಸಿ, ವಿದ್ಯುತ್ ಹರಿಸಿ, ಮೈಮೇಲೆ ಲೇಸರ್ ಬೆಳಕು ಬಿಡುತ್ತಿದ್ದಳು. ಆಮ್ಲಕ್ಕೆ ಬ್ರೋಮೈಡ್ ಉಪ್ಪು ಹಾಕಿದರೆ ಅದರ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಬಂದು ನನಗೆ ಅಂಟುತ್ತವೆ. ಆಗ ನನ್ನಿಂದ ಹಿಂದಿರುಗುವ ಬೆಳಕು ಕೂದಲೆಳೆಯಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಎಷ್ಟು ಕಣ ಅಂಟಿವೆಯೆಂದು ತಿಳಿಯುತ್ತದೆ. ಹಾಗೆ ಸಿಕ್ಕ ಅಂಕಿಯನ್ನು ಅವಳೂ ಅವಳ ಗುರು ಪ್ರೊಫೆಸರ್ ಬೆಳ್ಳುಬ್ಬಿಯವರೂ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದರು.

ಪಿಎಚ್.ಡಿ. ಪ್ರಬಂಧ ಒಪ್ಪಿಸಲು ಎರಡು ತಿಂಗಳಿದ್ದಾಗ ಅವಳು ಉಪ್ಪು ಹಾಕದೆಯೇ ಒಮ್ಮೆ ಅಳೆದು ನೋಡಿದಳು. ಬೆಳಕು ಆಗಲೂ ಬದಲಾಯಿತು. ಮರುದಿನವೂ ಅಷ್ಟೇ. ನನಗೆ ಬೇರೇನೋ ಅಂಟುತ್ತಿತ್ತು, ಹೇಳೋಣವೆಂದರೆ ಬಾಯಿಲ್ಲ.

ಸುಮ್ಮನೆ ಒಪ್ಪಿಸಿಬಿಡೆಂದು ಗೆಳತಿಯರು ಹೇಳಿದರು. ಅವಳು ಕೇಳಲಿಲ್ಲ. ನೀರು ಬದಲಿಸಿದಳು, ಆಮ್ಲ ಬದಲಿಸಿದಳು, ಪಾತ್ರೆಯನ್ನೇ ಬದಲಿಸಿದಳು. ಪ್ರತಿ ಸಲವೂ ನುಣ್ಣನೆಯ ಪುಡಿ ಹಾಕಿ ನನ್ನನ್ನು ಉಜ್ಜಿದಳು. ನಾನು ತೆಳ್ಳಗಾದೆ, ಅವಳೂ ಸೊರಗಿದಳು. ಒಪ್ಪಿಸುವ ದಿನ ಕಳೆದೇಹೋಯಿತು. ಐದನೆಯ ತಿಂಗಳಲ್ಲಿ, ಪಾತ್ರೆಯ ಬಾಯಿಗಿದ್ದ ರಬ್ಬರ್ ಬಿರಡೆಯನ್ನು ತೆಗೆದು ಗಾಜಿನದನ್ನು ಹಾಕಿದಳು. ಬೆಳಕು ಅಲುಗಾಡದೆ ನಿಂತಿತು. ರಬ್ಬರಿನಿಂದ ಬಿಟ್ಟ ಗಂಧಕ ಇಷ್ಟು ದಿನವೂ ನನ್ನ ಮೈಗೆ ಹತ್ತುತ್ತಿತ್ತು.

ಉಪ್ಪು ಹಾಕಿ ಮತ್ತೆ ಅಳೆದು, ಅವಳು ನೇರ ಪ್ರೊಫೆಸರರ ಬಳಿ ಹೋದಳು.

"ಸರ್, ನಾವು ಅಚ್ಚು ಹಾಕಿಸಿದ ಅಂಕಿ ತಪ್ಪೈತ್ರಿ. ಅದರಾಗ ಅರ್ಧ ರಬ್ಬರಿನ ಹೊಲಸೈತ್ರಿ."

ನಿವೃತ್ತಿಗೆ ಅವರಿಗೆ ಒಂದೇ ವರ್ಷವಿತ್ತು. ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದಿಟ್ಟರು.

"ಆ ಬಿರಡೆ ನಾನ ತಂದಿದ್ದವ್ವಾ. ತಪ್ಪಾಗೈತಿ ಅಂತ ಬರಿ. ನನ್ನ ಹೆಸರು ಮೊದಲಿರ್ಲಿ."

ತಿದ್ದುಪಡಿ ಹಾಗೆಯೇ ಅಚ್ಚಾಯಿತು. ಪ್ರಬಂಧ ಒಂದು ವರ್ಷ ತಡವಾಗಿ ಒಪ್ಪಿಗೆಯಾಯಿತು.

ಈಗ ನಾನು ಗದಗಿನ ಕಾಲೇಜೊಂದರ ಕಪಾಟಿನಲ್ಲಿದ್ದೇನೆ. ಮಂದಾಕಿನಿ ಇಲ್ಲಿ ಪಾಠ ಹೇಳುತ್ತಾಳೆ. ಇನ್ನೊಮ್ಮೆ ಉಜ್ಜಿದರೆ ತೂತಾದೇನು. ನನಗೆ ಅಂಟಿದ್ದನ್ನು ಬೆಳಕಿಗೆ ತೋರಿಸುವುದಷ್ಟೇ ನನ್ನ ಕೈಲಾದದ್ದು. ಅದು ಏನೆಂದು ಬಿಡದೆ ಕೇಳುವ ಹಟ ಮನುಷ್ಯರದ್ದು.